ಬೆರಳಚ್ಚು

ಬ್ಯಾಂಕಿನ ಪುಟ್ಟ ಯಂತ್ರ ಮೂರನೇ ಸಲವೂ
ಮಾರೇಶನ ಹೆಬ್ಬೆಟ್ಟನ್ನು ಒಲ್ಲೆನೆಂದಿತು.
‘ಒರೆಸಿ ಒತ್ತಿ’ ಅಂದರು ಮೇಡಂ.
ಅಂಗಿಗೆ ಒರೆಸಿದ, ಒತ್ತಿದ. ಕೆಂಪು ದೀಪ.
ಹನ್ನೊಂದು ವರ್ಷ ಬಂಡೆಗೆ ತೇಯ್ದ ಬೆರಳು;
ಗೆರೆಗಳೆಲ್ಲ ಜೋಗಿಮಟ್ಟಿ ರಸ್ತೆಯ ಗುಂಡುಗಳ ಮೇಲಿವೆ,
ಯಂತ್ರವನ್ನೇ ಅಲ್ಲಿಗೆ ಒಯ್ಯಬೇಕು.
‘ನಮ್ಮಪ್ಪಂದೂ ಹಿಂಗೇ ರೇಷನ್ ಅಂಗಡೀಲಿ.
ಕಣ್ಣು ತೋರಿಸಿದ್ರೆ ಅಕ್ಕಿ ಕೊಡ್ತಾರೆ’ ಅಂದ.

ನಾನು ನಕ್ಕೆ. ಮುಬೀನಾ ನಗಲಿಲ್ಲ.
ಅರ್ಜಿಯಲ್ಲಿ ಸಂಸ್ಥೆಯ ಹೆಸರಿಗೆಂದು ಬಿಟ್ಟ ಜಾಗದಲ್ಲಿ
ಬರೆದೇಬಿಟ್ಟಳು: ಬೆರಳಚ್ಚು ಪ್ರಕಾಶನ, ಚಿತ್ರದುರ್ಗ.

ಬಂಡವಾಳ ಅಂದರೆ
ತುದಿ ಜುಂಗೆದ್ದ ಅರವತ್ತು ಮೀಟರ್ ಹಗ್ಗ,
ಅವಳಣ್ಣ ಮದುವೆಗಳಿಗೆ ಒಯ್ಯುವ ಕ್ಯಾಮೆರಾ
(ಮುಹೂರ್ತವಿಲ್ಲದ ದಿನ ಮಾತ್ರ ನಮ್ಮದು),
ಮತ್ತೆ ನನ್ನ ಪೆನ್ಸಿಲ್ಲು.

ಕೋಟೆಯ ಕಲ್ಲನ್ನು ಮುಟ್ಟಲಿಲ್ಲ,
ಅದರ ಕತೆ ಹೇಳಲು ಬೇಕಾದಷ್ಟು ಜನರಿದ್ದಾರೆ.
ಹೆಸರಿಲ್ಲದವನ್ನು ಹುಡುಕಿ ಹೊರಟೆವು.
ಕುರಿ ಕಾಯುವ ಹುಡುಗಿಯನ್ನು ಕೇಳಿದೆ,
ಇದಕ್ಕೆ ಏನಂತೀರವ್ವಾ?
‘ಕಲ್ಲಿಗೆ ಏನಂತಾರೆ, ಕಲ್ಲಂತಾರೆ.’
ಹತ್ತು ಹೆಜ್ಜೆ ಹೋದವಳು ತಿರುಗಿದಳು:
‘ಆ ಕಡೀದು ಮಾತ್ರ ಬಾಣಂತಿಗುಂಡು.
ಹೆಂಗೆ ಒರಗಿ ಕುಂತೈತೆ ನೋಡ್ರಿ.’
ನೋಡಿದ ಮೇಲೆ ಬೇರೆ ಹೆಸರು ಹಿಡಿಸಲೇ ಇಲ್ಲ.

ಸಂಜೆಗಳೆಲ್ಲ ಶಬ್ದದ ಜಗಳ.
ಬಿರುಕೋ, ಸೀಳೋ?
ಬೆರಳ ತುದಿಯಷ್ಟೇ ಕೂರುವುದಕ್ಕೆ ಚಿಟಿಕೆಹಿಡಿ ಅನ್ನಬಹುದೇ?
ಅಂಗೈ ಜಾರುವ ಗುಂಡನೆಯ ಉಬ್ಬಿಗೆ
ಮಾರೇಶ ಅಂದ: ‘ಸಾಲಗಾರನ ಮಾತು.’
ಅದನ್ನೇ ಅಚ್ಚು ಹಾಕಿಸಿದೆವು.

ದಾವಣಗೆರೆಯ ಪ್ರೆಸ್ಸಿನಲ್ಲಿ
ಹತ್ತುವ ದಾರಿಗೆ ನಾನೆಳೆದ ಕೆಂಪು ಗೆರೆ
ಯಾರದೋ ಲಗ್ನಪತ್ರಿಕೆಯ ಮಶಿಯೊಳಗೆ ಬೆರೆತು
ಅರಿಶಿನವಾಗಿ ಬಂತು.
ಐನೂರು ಪ್ರತಿ, ಐನೂರರಲ್ಲೂ ಬಂಡೆಗೆ ಮದುವೆಕಳೆ.
ಮಾಲೀಕರು ‘ಶುಭವಾಯ್ತು ಬಿಡಿ’ ಅಂದು
ಪೂರ್ತಿ ದುಡ್ಡು ಎಣಿಸಿಕೊಂಡರು.

ಮೊದಲ ಕಟ್ಟು ಬಿಚ್ಚಿದ್ದು ಮಾರೇಶನ ಪಡಸಾಲೆಯಲ್ಲಿ.
ಅವನಪ್ಪ, ನಲವತ್ತು ವರ್ಷ ಕಲ್ಲು ಸೀಳಿದ ಕೈ,
ಪುಟಗಳನ್ನು ರೊಟ್ಟಿ ಮಗುಚುವ ಹಾಗೆ ಮಗುಚುತ್ತಾ
ನಲವತ್ತೊಂದರಲ್ಲಿ ನಿಂತಿತು.
ಬಾಣಂತಿಗುಂಡು. ಮೂರನೇ ಹಿಡಿ.
‘ಇದು ಬೊಳ್ಳು ಐತಲ್ಲೋ.’
ಚಿತ್ರದಲ್ಲಿ ಹೇಗೆ ಗೊತ್ತಾಯಿತು ಅಂದರೆ
ಮಾತಿಲ್ಲ.

ಮರುದಿನ ನಸುಕಿಗೇ ಬಂದ, ಸುತ್ತಿಗೆ ಸೊಂಟಕ್ಕೆ.
ಹಗ್ಗ ಕಟ್ಟಿದೆವು, ಬೈದ, ಕಟ್ಟಿಸಿಕೊಂಡ.
ಮೊದಲ ಹಿಡಿಗೆ ಬಡಿದ: ಕಂಚಿನ ಸದ್ದು.
ಎರಡನೆಯದೂ ಹಾಗೇ.
ಮೂರನೆಯದಕ್ಕೆ ಬರೀ ಬೆರಳ ಗೆಣ್ಣು ತಾಕಿಸಿದ.
ಒಳಗೆ ಯಾರೋ ಬಾಗಿಲು ಹಾಕಿಕೊಂಡಂತೆ
ದೊಳ್.
ಆ ಹಿಡಿಯ ಮೇಲೆ ನಾನು ಕಡಿಮೆಯೆಂದರೂ
ಇಪ್ಪತ್ತು ಸಲ ಜೋತುಬಿದ್ದಿದ್ದೇನೆ.

ಆಮೇಲೆ ತಿದ್ದೋಲೆ, ಅಂಗೈಯಗಲದ ಚೀಟಿ:
ಪುಟ ನಲವತ್ತೊಂದು. ಮೂರನೇ ಹಿಡಿಯನ್ನು ನಂಬಬೇಡಿ.
ಎಡಕ್ಕೆ ಕಾಲು ಎತ್ತಿ, ಸೀಳಿಗೆ ಕೈ ಹಾಕಿ.
ತಿದ್ದಿದವರು: ಸಣ್ಣ ದುರುಗಪ್ಪ, ಕಲ್ಲುಕುಟಿಗರು.

ಮೈದಾ ಕುದಿಸಿ ಅಂಟು ಮಾಡಿ
ನಾಲ್ವರೂ ಸುತ್ತ ಕೂತೆವು. ನಾನು ಸವರುವುದು,
ಅವನಪ್ಪ ಚೀಟಿ ಇಟ್ಟು ಹೆಬ್ಬೆಟ್ಟು ಒತ್ತುವುದು.
ಒತ್ತಿದಲ್ಲೆಲ್ಲ ಒಂದು ತೇವದ ಗುರುತು,
ಗೆರೆಯಿಲ್ಲದ್ದು, ನುಣ್ಣಗೆ.

ಐನೂರೂ ಮುಗಿದು ಚಹಾ ಬಂದಾಗ
ಆತ ಚೀಟಿಯೊಂದನ್ನು ದೂರ ಹಿಡಿದು
ಅಕ್ಷರ ಅಕ್ಷರವಾಗಿ ಓದಿಕೊಂಡ.
ಲೋಟ ಕೆಳಗಿಟ್ಟ.
‘ಸಣ್ಣ ಅನ್ನಾದು ಮನೆಯೋರು ಕರೆಯೋದು.
ಹೊರಗಿನೋರಿಗೆ ನಾನು ದುರುಗಪ್ಪ.’

ಮುಬೀನಾ ನನ್ನತ್ತ ನೋಡಿದಳು.
ಮೊದಲ ಕಟ್ಟನ್ನು ಮತ್ತೆ ಬಿಚ್ಚಿ
ಪೆನ್ಸಿಲ್ಲು ಚೂಪು ಮಾಡಿಕೊಂಡೆ.