ಸಿಕ್ಕು

ಶುಕ್ರವಾರ ಆರಾಧನೆ ಮುಗಿದ ಮೇಲೆ
ಶಾರ್ಜಾದಿಂದ ಸಜಾ ಕಡೆಗೆ ಹೊರಟಿತು ನಮ್ಮ ಸೇವೆ,
ಮೂವತ್ತು ಸೀಟಿನ ಬಸ್ಸಿನಲ್ಲಿ:
ಅಕ್ಕಿ, ತೊಗರಿಬೇಳೆ, ಸೋಪು, ಬಿಪಿ ನೋಡುವ ಯಂತ್ರ,
ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕ್ಷೌರಕ್ಕೆ ನಾಲ್ವರು.
ನಾಲ್ಕನೆಯವಳು ನಾನು.
ರೋಲಾದಲ್ಲಿ ಹೆಂಗಸರ ಪಾರ್ಲರು ನನ್ನದು.
"ಕೂದಲು ಅಂದರೆ ಕೂದಲೇ ಅಲ್ಲವೇ ಹೆಪ್ಸಿಬಾಯಿ"
ಅಂದಿದ್ದರು ಸಭಾಪಾಲಕರು.

ಅಲ್ಲ.
ಗಂಡಸರು ಬಂದರು, ಮೂರು ಕುರ್ಚಿಗೆ ಮೂರು ಸಾಲು.
ನನ್ನ ಕುರ್ಚಿಯಲ್ಲಿ ಧೂಳು ಕೂತಿತು.
ಪಕ್ಕದಲ್ಲಿ ಮಿಷನ್ನುಗಳ ಗುಂಯ್‌ಗುಡುವಿಕೆ,
ಸಿವಾನ್, ಸಿಲ್ಹೆಟ್, ಸ್ವಾಬಿ, ಕರೀಂನಗರ
ನೆಲದ ಮೇಲೆ ಒಂದೇ ರಾಶಿ, ಒಂದೇ ಬಣ್ಣ,
ಸಿಮೆಂಟಿನದು.

ಕಂಪನಿ ಮುಚ್ಚಿ ಏಳು ತಿಂಗಳು.
ಮಾಲೀಕ ಎಲ್ಲಿದ್ದಾನೆಂದು ಅವನ ಫೋನಿಗೂ ಗೊತ್ತಿಲ್ಲ.
ಪಾಸ್‌ಪೋರ್ಟುಗಳು ಕಬ್ಬಿಣದ ಕಪಾಟಿನಲ್ಲಿ,
ಕಪಾಟು ಬೀಗ ಜಡಿದ ಆಫೀಸಿನಲ್ಲಿ,
ಆಫೀಸಿನ ಬಾಡಿಗೆ ಬಾಕಿ.
ಇದನ್ನೆಲ್ಲ ಅವರು ಸುಮ್ಮನೆ ಹೇಳುತ್ತಾರೆ,
ಯಾರದೋ ಊರಿನ ಬಸ್ಸಿನ ವೇಳೆ ಹೇಳಿದಂತೆ.

ಆಗ ಬಂದವನು ತಾಯಪ್ಪ.
ತಲೆಗೆ ಟವೆಲು, ಕೈಯಲ್ಲಿ ಬಕೆಟ್ಟು.
ಟವೆಲು ಬಿಚ್ಚಿದ:
ಭುಜ ದಾಟಿದ ಕೂದಲು,
ಮೂರು ವರ್ಷ ಹೆಲ್ಮೆಟ್ಟಿನೊಳಗೆ ಸುತ್ತಿಟ್ಟದ್ದು.
"ನೀವು ನೀವೇ ಕನ್ನಡದಾಗ ಜಗಳಾಡೂದು ಕೇಳಿಸ್ತು, ಅದಕ್ಕ ಬಂದೆ.
ಕತ್ತರಿ ಹಚ್ಚಬ್ಯಾಡ್ರಿ ಅಕ್ಕಾರ, ಇದು ಮಲ್ಲಯ್ಯಂದು.
ಊರಿಗಿ ಹೋದ ದಿನ ಮುಡಿ ಕೊಡ್ತೀನಂತ ಬೇಡ್ಕೊಂಡೀನಿ.
ಸಿಕ್ಕು ಬಿಡಿಸಿ ಕೊಟ್ರ ಸಾಕು.
ನಿಮಗ ಹೆಣ್ಮಕ್ಕಳ ಜಡಿ ಗೊತ್ತಿರ್ತದಲ್ಲ."

ಸುತ್ತ ನೋಡಿದೆ. ಸಭಾಪಾಲಕರು ಔಷಧಿಯ ಮೇಜಿನ ಬಳಿ ಇದ್ದರು.
ಹರಕೆ ಹೊತ್ತವನ ತಲೆಗೆ ಕತ್ತಿ ಸೋಕಬಾರದೆಂದು
ಸಂಡೇ ಸ್ಕೂಲಿನಲ್ಲಿ ನಮಗೂ ಕಲಿಸಿದ್ದರು,
ದೇವರ ಹೆಸರು ಮಾತ್ರ ಬೇರೆ ಇತ್ತು.

ಬಕೆಟ್ಟಿನ ನೀರು ತಣ್ಣಗಿತ್ತು.
ಆಗಸ್ಟಿನಲ್ಲಿ ಇಲ್ಲಿ ನಲ್ಲಿ ತಿರುಗಿಸಿದರೆ ಬೇಳೆ ಬೇಯುವ ನೀರು.
ಇವರಿಗೆ ಕರೆಂಟಿಲ್ಲ; ಪಕ್ಕದ ಕ್ಯಾಂಪಿನವರ ಏಸಿ ಖೋಲಿಯಲ್ಲಿ
ಯಾರದೋ ಮಂಚದಡಿ ರಾತ್ರಿಯಿಡೀ ಇಟ್ಟು ತಂದದ್ದಂತೆ.
ನಾವು ತಂದ ಸೋಪಿಗೆ ಲೆಕ್ಕವಿತ್ತು.

ಶುಭ ಶುಕ್ರವಾರದ ಹಿಂದಿನ ರಾತ್ರಿ ನಮ್ಮ ಸಭೆಯಲ್ಲಿ
ಹನ್ನೆರಡು ಜನರ ಕಾಲು ತೊಳೆಯುತ್ತೇವೆ,
ಮನೆಯಲ್ಲಿ ಒಮ್ಮೆ ತೊಳೆದು, ಸಾಕ್ಸು ಹಾಕಿ ಬಂದ ಕಾಲು.
ಇಲ್ಲಿ ಮೊದಲ ಚೊಂಬಿಗೇ ನೀರು ಗಾರೆಯಾಯಿತು.

ತುದಿಯಿಂದ ಶುರುಮಾಡಬೇಕು, ಬುಡದಿಂದಲ್ಲ.
ಬುಡದಿಂದ ಎಳೆದರೆ ಗಂಟು ಇನ್ನಷ್ಟು ಬಿಗಿ.
ಅಮ್ಮ ಕಲಿಸಿದ್ದು.
ನನ್ನ ಕೊಬ್ಬರಿ ಎಣ್ಣೆ ಮುಗಿಯಿತು;
ಯಾರೋ ಮೆಸ್ಸಿನಿಂದ ಮೀನು ಕರಿದ ಎಣ್ಣೆ ತಂದರು.
ತಾಯಪ್ಪ ಮಗಳ ಹೆಸರು ಹೇಳಿದ.
ವಯಸ್ಸು ಹೇಳಹೋಗಿ ನಿಂತ,
ಬೆರಳು ಮಡಚಿ ಎಣಿಸಿದ.

ಬಲಗಿವಿಯ ಹಿಂದೆ ಒಂದು ಗಂಟು,
ಒಳಗೆ ಸಿಮೆಂಟು ಸೇರಿ ಹುಣಿಸೆಬೀಜದಂತೆ ಕಲ್ಲಾದದ್ದು.
ಜೇಬಿನಲ್ಲಿ ಕತ್ತರಿ ಇತ್ತು. ಬಸ್ಸು ಎರಡು ಸಲ ಹಾರನ್ನು ಹಾಕಿತು.
ಒಂದು ಕಚಕ್, ಯಾರಿಗೂ ತಿಳಿಯುತ್ತಿರಲಿಲ್ಲ,
ಅಷ್ಟು ದೂರದ ಮಲ್ಲಯ್ಯನಿಗೂ.
ಗಂಟನ್ನು ಹಾಗೇ ಒಳಗಿಟ್ಟು ಜಡೆ ಹೆಣೆದೆ.

ಏಳುವಾಗ ಬಾಚಣಿಗೆ ಕೇಳಿದ.
ಇಟ್ಟುಕೊಳ್ಳಲಿ ಬಿಡು ಅಂದುಕೊಂಡೆ.
ಹಲ್ಲುಗಳ ನಡುವೆ ಸಿಕ್ಕಿದ್ದ ಕೂದಲು ಒಂದೊಂದೇ ಬಿಡಿಸಿ,
ನಾವು ಕೊಟ್ಟ ಟೋಕನ್ ಚೀಟಿಯಲ್ಲಿ ಮಡಚಿ,
ಬಾಚಣಿಗೆ ಹಿಂದಕ್ಕೆ ಕೊಟ್ಟ.
"ಇವೂ ಅವಂದೇ ರಿ."
ಆಗ ನೆನಪಾಯಿತು, ಆ ಚೀಟಿಗೆ ಇನ್ನೂ ಅಕ್ಕಿ ಬರಬೇಕಿತ್ತು.

ಬಸ್ಸಿನಲ್ಲಿ ಕಾರ್ಯದರ್ಶಿ ವರದಿ ಬರೆಯುತ್ತಿದ್ದರು.
ಚೀಲ ನೂರ ನಲವತ್ತೊಂಬತ್ತು. ಒಂದು ಯಾಕೋ ಉಳಿದಿದೆ.
ಬಿಪಿ ಎಂಬತ್ತೆರಡು.
ಕ್ಷೌರ: ಮೂವತ್ತೊಂದು, ಇಪ್ಪತ್ತೆಂಟು, ಮೂವತ್ತು.
"ನಿಮ್ಮ ಕುರ್ಚಿ?"
ಸೊನ್ನೆ, ಅಂದೆ.
ಅವರು ದುಂಡಗೆ ಬರೆದುಕೊಂಡರು.
ನನ್ನ ಬೆರಳಲ್ಲಿ ಮೀನಿನ ವಾಸನೆ,
ಕಾಲ ಬಳಿ ಹೊರಳಾಡುವ ಒಂದು ಅಕ್ಕಿಚೀಲ.