ಅಡ್ಡಹಲಗೆ

ಚೇರಂಬಾಣೆಯಲ್ಲಿ ಜೇನುಪೆಟ್ಟಿಗೆ ಬೇಕೆಂದರೆ
ಜನ ನನ್ನ ಶೆಡ್ಡಿಗೆ ಬರುತ್ತಾರೆ.
ಐರಿ ಬೆಳ್ಯಪ್ಪ. ಹೆಬ್ಬಲಸು, ಎಂಟು ಚೌಕಟ್ಟು,
ಮೂಲೆಮಟ್ಟ ಕೂದಲೆಳೆ ತಪ್ಪಿದರೂ
ಬಿಚ್ಚಿ ಮತ್ತೆ ಕೂಡಿಸುವವನು.

ಒಂದು ಸಲ ಮಾತ್ರ, ದೇಚು ಹೆರಿಗೆಗೆ ಮಡಿಕೇರಿಯಲ್ಲಿದ್ದಾಗ,
ಎಣಿಕೆ ತಪ್ಪಿ ಏಳೇ ಚೌಕಟ್ಟು ಇಟ್ಟು
ಮುಚ್ಚಳ ಮುಚ್ಚಿ ಕೊಟ್ಟುಬಿಟ್ಟೆ.
ಕಾಫಿ ಹೂ ಉದುರಿದ ಮೇಲೆ ತೆರೆಯಲು ಹೋದರೆ
ಮುಚ್ಚಳವೇ ಏಳಲೊಲ್ಲದು.
ಬಿಟ್ಟ ಜಾಗದಲ್ಲಿ ತಾವೇ ಒಂದು ಎರಿ ಇಳಿಬಿಟ್ಟಿದ್ದವು,
ನನ್ನ ಮಟ್ಟಗೋಲಿಗೆ ಬೆನ್ನು ಹಾಕಿ, ತುಸು ಬಾಗಿ,
ಅಜ್ಜಿಯ ಕಿವಿಯ ಹಾಗೆ.

ಎರಡು ಎರಿಗಳ ನಡುವೆ ಅವು ಬಿಡುವ ಓಣಿ
ನನ್ನ ಕಿರುಬೆರಳಷ್ಟೂ ಇಲ್ಲ.
ಎರಡು ಹುಳ ಬೆನ್ನಿಗೆ ಬೆನ್ನು ಉಜ್ಜದೆ ದಾಟಬೇಕು, ಅಷ್ಟೆ.
ಹೆಚ್ಚಿದ್ದರೆ ಅಲ್ಲೂ ಕಟ್ಟುತ್ತವೆ,
ಕಡಿಮೆಯಿದ್ದರೆ ಮೇಣ ಮೆತ್ತಿ ಮುಚ್ಚುತ್ತವೆ.
ಆ ರಾತ್ರಿ ನಮ್ಮ ಅಡುಗೆಮನೆಯನ್ನು ಅಳೆದು ನೋಡಿದೆ.
ದೇಚು ಸಾರಿನ ಪಾತ್ರೆ ಹಿಡಿದು ಬಂದರೆ
ನಾನು ಗೋಡೆಗೆ ಅಂಟಬೇಕು.

ಅವ್ವ ಮಡಕೆ ಕವುಚಿಟ್ಟು ಜೇನು ಹಿಡಿಯುತ್ತಿದ್ದಳು,
ಒಳಗೆ ಮೇಣ ಸವರಿ, ತೋಡಿನ ಮೇಲಿನ ದಿಬ್ಬದಲ್ಲಿ.
ಮಡಕೆಯಲ್ಲಿ ಎರಿಗಳು ದುಂಡಗೆ:
ನಡುವಿನದು ಮೊರದ ಹಾಗೆ, ಅಂಚಿನವು ಹಪ್ಪಳದಷ್ಟು.
ಅದೇ ಹುಳ ನನ್ನ ಪೆಟ್ಟಿಗೆಯಲ್ಲಿ ಚೌಕ.
ಯಾವುದವ್ವಾ ಅವುಗಳ ನಿಜವಾದ ಮನೆ, ಕೇಳಿದ್ದೆ.
"ಒಳಗಿನ ಬಿಸಿ," ಅಂದಳು,
ಹೊಗೆಗೆ ಕೆಮ್ಮುತ್ತ.

ಆಮೇಲೆ ಆ ವರ್ಷ ಬಂತು.
ಮರಿಗಳು ಕೋಣೆಕೋಣೆಯಲ್ಲೇ ನೀರುಚೀಲವಾಗಿ ಸತ್ತವು.
ಮೂರು ಹೂಮಳೆ ಬಂದು ಹೋಯಿತು,
ಪೆಟ್ಟಿಗೆ ಬೇಕೆಂದು ಒಬ್ಬರೂ ಬರಲಿಲ್ಲ.
ಶಾಲೆಗೆ ಬೆಂಚು ಮಾಡಿದೆ. ಕೋಳಿಗೂಡು ಮಾಡಿದೆ.

ನಾಲ್ಕನೆಯ ವರ್ಷ ಉತ್ತಯ್ಯನವರು ಕರೆದರು,
ತೋಟದ ಮೂಲೆಯಲ್ಲಿ ಒಂದು ಕುಟುಂಬ ಉಳಿದಿದೆ, ಬಾ.
ನನ್ನದೇ ಪೆಟ್ಟಿಗೆ, ನನ್ನದೇ ಎಂಟು ಚೌಕಟ್ಟು.
ಒಂದೇ ಎರಿ, ಅಂಗೈಯಗಲ, ಒಂದು ಬದಿಗೆ.
ಒಂದು ಹಿಡಿ ಹುಳ ಅದನ್ನು ಹೊದ್ದು ಕೂತಿದ್ದವು.
ಉಳಿದದ್ದೆಲ್ಲ
ನಾನು ಕಟ್ಟಿಕೊಟ್ಟ ಚಳಿ.

ಮನೆಯೊಂದನ್ನು ಚಿಕ್ಕದು ಮಾಡಲು
ಅವತ್ತೇ ಮೊದಲ ಸಲ ಉಳಿ ಹಿಡಿದದ್ದು.
ಒಂದು ಅಡ್ಡಹಲಗೆ, ಕೋಳಿಗೂಡಿನಲ್ಲಿ ಮಿಕ್ಕ ಮರ,
ಉಜ್ಜಿ ಉಜ್ಜಿ ತೆಳ್ಳಗಾಗಿಸಿ
ಎರಿಯ ಪಕ್ಕಕ್ಕೆ ಇಳಿಸಿದೆ
ಓಣಿಯಷ್ಟು ಬಿಟ್ಟು.
ಟೇಪು ಜೇಬಿನಲ್ಲೇ ಇತ್ತು.

ಮಾರ್ಚಿನಲ್ಲಿ ತೋಟ ಬೆಳ್ಳಗಾದಾಗ ಹೋಗಿ
ಹಲಗೆಯನ್ನು ಎರಡು ಬೆರಳು ಸರಿಸಿದೆ.
"ಇಷ್ಟು ಹೂವಿದೆಯಲ್ಲೋ, ಇನ್ನಷ್ಟು ಸರಿಸು,"
ಅಂದರು ಉತ್ತಯ್ಯನವರು, ಬೀಡಿ ಹಚ್ಚುತ್ತ.
ದೂರ ನಿಂತು ಸೇದಿ ಅಂದೆ.

ಸಂಜೆ ಮುಚ್ಚಳ ತುಸುವೇ ಎತ್ತಿ ನೋಡಿದರೆ
ಆ ಎರಡು ಬೆರಳ ಖಾಲಿಯಲ್ಲಿ
ಕಾಲಿಗೆ ಕಾಲು ಕೋದು
ಒಂಬತ್ತು ಹುಳ, ಅಲ್ಲ, ಹತ್ತು,
ಸರಪಣಿಯಾಗಿ ತೂಗುತ್ತಿದ್ದವು.
ಕೊನೆಯದರ ಕಾಲು ಇನ್ನೂ ತಳ ಮುಟ್ಟಿರಲಿಲ್ಲ.