ನಲವತ್ತು ದಿನದ ಸಾಸಿವೆ

ಪುಣೆಯಿಂದ ಎರಡು ಪೊಟ್ಟಣ ಬಂದವು.
ಒಂದರ ಮೇಲೆ ನೇರಳೆ ದಂಟು, ಇನ್ನೊಂದರ ಮೇಲೆ ಹಸಿರು ದಂಟು.
ಒಳಗೆ ಎರಡರಲ್ಲೂ ಅದೇ ಸಾಸಿವೆ,
ಕಲಸಿ ಒಗ್ಗರಣೆಗೆ ಹಾಕಿದರೆ
ಯಾರ ನಾಲಿಗೆಗೂ ತಿಳಿಯದು.

ಉಮದಿಯ ಕನ್ನಡ ಶಾಲೆ, ಎಂಟನೆಯ ವರ್ಗ.
ಚಹಾ ಕಪ್ಪುಗಳ ತಳಕ್ಕೆ ತೂತು ಕೊರೆದು
ದೀಪದ ಬತ್ತಿ ತೂರಿಸಿ
ನೀರಿನ ತಾಟಿನ ಮೇಲೆ ಕೂರಿಸಿದೆವು.
ಇವಕ್ಕೆ ಹಗಲೂ ರಾತ್ರಿಯೂ ಬೆಳಕು ಬೇಕು ಎಂದೆ.
‘ನಮ್ಮನಿಗೇ ಇಲ್ರಿ ಅಕ್ಕೋರ’ ಎಂದು ನಕ್ಕರು.
ಮರುದಿನ ಜಕ್ಕಪ್ಪ
ಕಾಕಾನ ದ್ರಾಕ್ಷಿ ತೋಟದ ಹಳೇ ಬ್ಯಾಟರಿಯನ್ನು
ಸೈಕಲ್ಲಿಗೆ ಕಟ್ಟಿಕೊಂಡು ಬಂದ.

ಐದಕ್ಕೆ ಎಲೆ. ಹದಿನಾಲ್ಕಕ್ಕೆ ಹೂ.
ಬೀದಿ ದೀಪದ ಕೆಳಗೆ ಸತ್ತು ಬಿದ್ದ ಜೇನು
ಆಯ್ದು ತಂದವನು ರಮಜಾನ.
ಕಸಬರಿಗೆ ಕಡ್ಡಿಯ ತುದಿಗೆ ಅಂಟಿಸಿ
ನೇರಳೆಯ ಹೂವಿಂದ ಹಸಿರಿನ ಹೂವಿಗೆ
ಮೆಲ್ಲಗೆ ಮುಟ್ಟಿಸಿದೆವು.
‘ಸತ್ತ ಮ್ಯಾಲೂ ದುಡಿಸಾಕತ್ತೀವಲ್ರಿ ಇದನ್ನ’
ಅಂದಳು ಮಾಯವ್ವ,
ಕಡ್ಡಿ ಮಾತ್ರ ಬಿಡಲಿಲ್ಲ.

ಕಾಯಿ ಒಡೆದು ಬಿತ್ತಿದರೆ
ಮೊದಲ ತಲೆಮಾರು ಪೂರಾ ನೇರಳೆ.
‘ಹಸರ ಸತ್ತ ಹೋತು’ ಎಂದು ಜಕ್ಕಪ್ಪ ವಹಿಯಲ್ಲಿ ಬರೆದ.
ಸತ್ತಿಲ್ಲ, ಅಡಗಿ ಕೂತಿದೆ ಎಂದೆ.
ಎಲ್ಲಿ?
ಹಲಗೆಯ ಮೇಲೆ ದೊಡ್ಡಕ್ಷರ, ಚಿಕ್ಕಕ್ಷರ ಬರೆದು ತೋರಿಸಿದೆ.
ನಿಜ ಹೇಳುತ್ತೇನೆ, ನಾನೂ ಪುಸ್ತಕದಲ್ಲಷ್ಟೇ ನೋಡಿದ್ದು.

ಬಾಗಿಲಲ್ಲಿ ಹೆಡ್‌ಮಾಸ್ತರರು:
‘ನೂಲಿನಂತೆ ಸೀರೆ, ತಾಯಿಯಂತೆ ಮಗಳು.
ಇಷ್ಟ ಹೇಳಾಕ ಬ್ಯಾಟರಿ ಯಾಕ ಬೇಕ್ರಿ ಬಾಯೋರ?’

ಮನೆಗೆಲಸ ಕೊಟ್ಟಿದ್ದೆ:
ಹಿರಿಯರಿಂದ ನಿಮಗೆ ಬಂದದ್ದು ಏನು?
ಅಂಟಿದ ಕಿವಿ. ಗುಂಗುರು ಕೂದಲು.
ಸುರುಳಿಯಾಗುವ ನಾಲಿಗೆ (ಇದನ್ನು ಹನ್ನೊಂದು ಮಂದಿ ತೋರಿಸಿದರು).
ಮಾಯವ್ವನ ವಹಿಯಲ್ಲಿ ಮೂರು ಸಾಲು:
ಅಜ್ಜಿ: ಕೊಯ್ತಾ.
ಅವ್ವ: ಕೊಯ್ತಾ.
ನಾನು:
ಆಮೇಲೆ ಖಾಲಿ.
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಖಾಲಿ ಜಾಗಕ್ಕೆ
ಸರಿ ಹಾಕಬೇಕೋ ತಪ್ಪು ಹಾಕಬೇಕೋ
ಡಿ.ಎಡ್.ನಲ್ಲಿ ನಮಗೆ ಕಲಿಸಿರಲಿಲ್ಲ.

ನೇರಳೆಗೆ ನೇರಳೆ ಕೂಡಿಸಿದ ಕಾಯಿಗಳು
ಇನ್ನೂ ಹಸಿಯಾಗಿದ್ದವು.
ಊರಲ್ಲಿ ಬನ್ನಿ ಕೊಟ್ಟದ್ದೇ ತಡ
ಮುಕಾದಮನ ಟ್ರ್ಯಾಕ್ಟರು ಹನುಮಪ್ಪನ ಗುಡಿ ಮುಂದೆ ನಿಂತಿತು.
ಮಳೆಗಾಲದಲ್ಲೇ ಕೊಟ್ಟಿದ್ದ ಉಚಲ
ಈಗ ಆಳು ಕೇಳುತ್ತಿತ್ತು.
ಸಾಸಿವೆಗೆ ನಲವತ್ತು ದಿನ ಬೇಕು,
ಅವನು ಮೂವತ್ತೇಳು ಕೊಟ್ಟ.

ಹೊರಡುವ ಬೆಳಿಗ್ಗೆ ಅವಳು ಬಂದಳು,
ತಲೆಗೆ ಅವ್ವನ ಟವೆಲು ಸುತ್ತಿಕೊಂಡು.
‘ನೀರ ನಿಲ್ಲಿಸಿದ್ರ ಲಗೂ ಒಣಗ್ತಾವೇನ್ರಿ?’
ಒಣಗುತ್ತವೆ, ಆದರೆ ಕಾಳು ಬಲಿಯುವುದಿಲ್ಲ.
ಹೂಂ ಅಂದಳು,
ಅದು ತನಗೆ ಮೊದಲೇ ಗೊತ್ತಿದ್ದ ಹಾಗೆ.
ಕಪ್ಪಿನ ಮೇಲಿನ ತನ್ನ ಹೆಸರು ಅಳಿಸಿತ್ತು,
ತಿದ್ದಿ ಬರೆದು ಹೋದಳು.

ಬೆಂಚುಗಳು ಅರ್ಧಕ್ಕರ್ಧ ಬರಿದಾದ ಮೇಲೆ
ಉಳಿದವರು ಸೇರಿ ಬಿತ್ತಿದೆವು.
ಐವತ್ತೆರಡರಲ್ಲಿ ನಲವತ್ತು ಎದ್ದವು.
ನಾಲ್ಕನೆಯ ದಿನ ಪಾಟಿಚೀಲವನ್ನೂ ಇಳಿಸದೆ
ರಮಜಾನ ಕೂಗಿದ: ‘ಹಸರ! ಹಸರ ಬಂದೈತಿ!’
ಬಿಳಿಚಿದ ಹಸಿರು. ದಾರದಷ್ಟು ದಂಟು.
ನೇರಳೆಯ ನಡುವೆ ತಪ್ಪಿ ಬಂದಂತೆ ನಿಂತಿತ್ತು.

ಅಂದು ರಾತ್ರಿ ಫೋನು, ಗೊತ್ತಿಲ್ಲದ ನಂಬರು.
ಶಿರೋಳದ ಕಡೆಯ ಫಡ,
ಹಿಂದೆ ಎತ್ತಿನ ಗಂಟೆ, ಯಾರೋ ಮರಾಠಿಯಲ್ಲಿ ಬೈಯುತ್ತಿದ್ದಾರೆ.
‘ಹಸರ ಬಂತೇನ್ರಿ ಅಕ್ಕೋರ?’
ಬಂತು. ಹನ್ನೊಂದು.
‘ಒಟ್ಟ ಎಷ್ಟರಾಗ?’
ನಲವತ್ತರಲ್ಲಿ.
ಆ ಕಡೆ ಉಸಿರು ಮಾತ್ರ.
ಬೆರಳು ಮಡಚುತ್ತಿದ್ದಾಳೆ,
ಕಬ್ಬಿನ ರವದಿ ಗೀರಿದ ಬೆರಳು.
‘ನಾಕಕ್ಕ ಒಂದು ಅಂದಿದ್ರಿ.
ಹತ್ತ ಆಗಬೇಕಿತ್ತು.
ಒಂದ ಹೆಚ್ಚಿಗಿ ಬಂದೈತಲ್ರಿ.’

ಅಷ್ಟು ಹೆಚ್ಚು ಕಡಿಮೆ ಇರುತ್ತದೆ ಎನ್ನಲು ಹೋದೆ.
‘ಇನ್ನೊಮ್ಮಿ ಎಣಸ್ರಿ’ ಅಂದಳು.
ಚಾವಿ ಹುಡುಕಿ, ಅಂಗಳ ದಾಟಿ, ವರ್ಗದ ಬಾಗಿಲು ತೆಗೆದೆ.
ಬ್ಯಾಟರಿಯ ದೀಪ ಉರಿಯುತ್ತಿತ್ತು.
ಫೋನು ಕಿವಿಗೆ ಒತ್ತಿಕೊಂಡೇ
ಅವಳ ಕಪ್ಪಿನಿಂದ ಶುರು ಮಾಡಿದೆ:
ಒಂದು.